ಓಟ, ನಿಂತುಹೋದ ಮುಟ್ಟು ಮತ್ತು ಹಾರ್ಮೋನು ವರದಿಗಳ ಅಲೆದಾಟ

ಶಿರಸಿಯ ಮಾರಿಕಾಂಬಾ ಕ್ರೀಡಾಂಗಣಕ್ಕೆ ಬೆಳಗಿನ ಜಾವ ಬರುವ ಹೆಂಗಸರು ಈಗೀಗ ಹೆಚ್ಚುತ್ತಿದ್ದಾರೆ. ನಡೆಯುವವರು ಬಹಳ, ಓಡುವವರು ಕೆಲವರು. ಆ ಕೆಲವರಲ್ಲಿ ಒಬ್ಬಿಬ್ಬರು ಇತ್ತೀಚೆಗೆ ನನ್ನನ್ನು ಬದಿಗೆ ಕರೆದು, ದನಿ ತಗ್ಗಿಸಿ, ‘ನಿಮಗೂ ಮುಟ್ಟು ನಿಂತುಹೋಗಿತ್ತಂತೆ, ಹೌದೇ? ಏನು ಮಾಡಿದಿರಿ?’ ಎಂದು ಕೇಳಿದರು. ನಿಂತಲ್ಲೇ ಹೇಳಿ ಮುಗಿಸುವ ವಿಷಯವಲ್ಲ ಅದು. ಹಾಗಾಗಿ ಬರೆಯುತ್ತಿದ್ದೇನೆ. ನಾನು ವೈದ್ಯಳಲ್ಲ, ಸಹಕಾರಿ ಸಂಘವೊಂದರಲ್ಲಿ ಲೆಕ್ಕ ಬರೆಯುವವಳು. ವರದಿಗಳ ಫೈಲು ಹಿಡಿದು ಅಲೆದಾಗ ವೈದ್ಯರಿಂದ ತಿಳಿದದ್ದು, ಆಮೇಲೆ ಓದಿ ಖಚಿತ ಮಾಡಿಕೊಂಡದ್ದು, ಅನುಭವಿಸಿದ್ದು, ಮೂರೂ ಇಲ್ಲಿ ಬೆರೆತಿವೆ.

ಓಟ ಶುರುವಾದದ್ದು ಸಕ್ಕರೆಯ ಹೆದರಿಕೆಯಿಂದ. ಅಪ್ಪಯ್ಯನಿಗೆ ಮಧುಮೇಹವಿದೆ. ಸಂಘದಲ್ಲಿ ನಡೆದ ತಪಾಸಣಾ ಶಿಬಿರದಲ್ಲಿ ನನ್ನ ಖಾಲಿ ಹೊಟ್ಟೆಯ ಸಕ್ಕರೆ ನೂರರ ಗೆರೆ ದಾಟಿತ್ತು. 100ರಿಂದ 125ರವರೆಗೆ ಇದ್ದರೆ ಮಧುಮೇಹದ ಹೊಸ್ತಿಲು ಎಂದರು. ಮೊದಲು ನಡಿಗೆ, ಆಮೇಲೆ ನಡಿಗೆಯ ನಡುವೆ ಸ್ವಲ್ಪ ಓಟ, ಮಳೆಗಾಲ ಮುಗಿಯುವ ಹೊತ್ತಿಗೆ ನಿಲ್ಲದೆ ಐದು ಕಿಲೋಮೀಟರ್. ಆರು ತಿಂಗಳ ನಂತರ ಸಕ್ಕರೆ ತೊಂಬತ್ತರ ಆಸುಪಾಸಿಗೆ ಇಳಿದಿತ್ತು.

ಆ ದಿನಗಳಲ್ಲಿ ದೇಹದೊಳಗೆ ಆದದ್ದು ನಿಜಕ್ಕೂ ಒಳ್ಳೆಯ ಬದಲಾವಣೆ. ಮುಂದಿನದನ್ನು ಓದಿ ಯಾರೂ ಓಟಕ್ಕೇ ಹೆದರಬಾರದು ಎಂದು ಇದನ್ನು ವಿವರವಾಗಿ ಹೇಳುತ್ತೇನೆ. ಕೆಲಸ ಮಾಡುವ ಸ್ನಾಯು ಇನ್ಸುಲಿನ್‌ನ ಅಪ್ಪಣೆಗೆ ಕಾಯದೆ ರಕ್ತದಿಂದ ಸಕ್ಕರೆ ಎಳೆದುಕೊಳ್ಳುತ್ತದೆ. ಓಟ ಮುಗಿದ ಮೇಲೂ ಒಂದೆರಡು ದಿನ ಆ ಸ್ನಾಯುಗಳು ಇನ್ಸುಲಿನ್‌ಗೆ ಚುರುಕಾಗಿ ಸ್ಪಂದಿಸುತ್ತವೆ. ಸಕ್ಕರೆಯ ತೊಂದರೆ ಇರುವವರು ಸತತ ಎರಡು ದಿನಕ್ಕಿಂತ ಹೆಚ್ಚು ವ್ಯಾಯಾಮ ಬಿಡಬಾರದು ಎನ್ನುವುದು ಇದಕ್ಕೇ. ಮೊದಲ ವಾರ ಕ್ರೀಡಾಂಗಣದ ಒಂದು ಸುತ್ತಿಗೆ ಎದೆ ಹಾರುತ್ತಿತ್ತು. ಕೆಲವೇ ವಾರಗಳಲ್ಲಿ ಅದೇ ಸುತ್ತಿಗೆ ದೇಹ ಮೊದಲಿನಷ್ಟು ಅಡ್ರಿನಲಿನ್ ಸುರಿಸುವುದನ್ನು ನಿಲ್ಲಿಸುತ್ತದೆ. ಅದೇ ವೇಗಕ್ಕೆ ಒತ್ತಡದ ಇನ್ನೊಂದು ಹಾರ್ಮೋನಾದ ಕಾರ್ಟಿಸೋಲ್ ಕೂಡ ಕಡಿಮೆ ಏರುತ್ತದೆ. ವಿಶ್ರಾಂತಿಯಲ್ಲಿರುವಾಗಿನ ನಾಡಿ ನಿಧಾನವಾಗಿ ಇಳಿಯುತ್ತದೆ.

ಇಲ್ಲೊಂದು ಗೊಂದಲ ಕಾದಿರುತ್ತದೆ. ಓಟ ಆರಂಭಿಸಿದ ಮೇಲೆ ಹಿಮೋಗ್ಲೋಬಿನ್ ಮಾಡಿಸಿದರೆ ಮೊದಲಿಗಿಂತ ಸ್ವಲ್ಪ ಕಡಿಮೆ ಬರಬಹುದು. ನನಗೂ ಬಂತು. ತರಬೇತಿಯ ಮೊದಲ ಒಂದೆರಡು ವಾರಗಳಲ್ಲೇ ಆಲ್ಡೊಸ್ಟೆರಾನ್‌ನಂತಹ ಹಾರ್ಮೋನುಗಳು ಉಪ್ಪು ಮತ್ತು ನೀರನ್ನು ಹಿಡಿದಿಡುವುದರಿಂದ ರಕ್ತದ ದ್ರವಭಾಗ ಹಿಗ್ಗುತ್ತದೆ, ಕೆಂಪುಕಣಗಳು ಅದರಲ್ಲಿ ತೆಳುವಾಗಿ ಕಾಣುತ್ತವೆ. ಅದು ರೋಗವಲ್ಲ. ಆದರೆ ನಿಜವಾದ ಕಬ್ಬಿಣದ ಕೊರತೆಯೂ ಇದೇ ವೇಷದಲ್ಲಿ ಬರುವುದರಿಂದ ಹಿಮೋಗ್ಲೋಬಿನ್ ಒಂದನ್ನೇ ನೋಡದೆ, ದೇಹದ ಕಬ್ಬಿಣದ ದಾಸ್ತಾನು ತೋರಿಸುವ ಫೆರಿಟಿನ್ ಪರೀಕ್ಷೆಯನ್ನೂ ಮಾಡಿಸಿ. ಕಬ್ಬಿಣದ ಮಾತ್ರೆ ಬರೆದುಕೊಟ್ಟರೆ ಓಟ ಮುಗಿದು ಮೂರು ಗಂಟೆಯಿಂದ ಆರು ಗಂಟೆಯ ಒಳಗೆ ಬೇಡ. ಆ ಹೊತ್ತಿನಲ್ಲಿ ಹೆಪ್ಸಿಡಿನ್ ಎಂಬ ಹಾರ್ಮೋನು ಏರಿ, ಕರುಳು ಕಬ್ಬಿಣ ಹೀರುವುದನ್ನು ತಡೆಯುತ್ತದೆ. ಚಹಾದ ಜೊತೆಗೂ ಬೇಡ.

ತೊಂದರೆ ಬಂದದ್ದು ಎರಡನೆಯ ವರ್ಷ, ಅರ್ಧ ಮ್ಯಾರಥಾನ್ ಅಂದರೆ 21.1 ಕಿಲೋಮೀಟರ್ ಓಡಬೇಕೆಂದು ಹೊರಟಾಗ. ಬನವಾಸಿ ರಸ್ತೆಯಲ್ಲಿ ಉದ್ದದ ಓಟಗಳು ಶುರುವಾದವು. ಬೆಳಿಗ್ಗೆ ಒಂದು ಲೋಟ ಕಷಾಯ ಕುಡಿದು ಹೊರಟರೆ ತಿಂಡಿ ಒಂಬತ್ತಕ್ಕೆ. ಸಕ್ಕರೆಯ ಹೆದರಿಕೆ ಹೋಗಿರಲಿಲ್ಲವಲ್ಲ, ಅನ್ನ ಅರ್ಧವಾಯಿತು, ರಾತ್ರಿ ಏಳರ ಮೇಲೆ ಊಟವಿಲ್ಲ. ನಮ್ಮ ಕಡೆಯ ಊಟದ ಬಗ್ಗೆ ಒಂದು ಮಾತು: ತಂಬುಳಿ, ಸಾರು, ಸೌತೆಕಾಯಿ ಹಸಿ, ಇವು ಹೊಟ್ಟೆ ತುಂಬಿಸುತ್ತವೆ, ಬಾಯಿಗೂ ಹಿತ. ಆದರೆ ಅವುಗಳ ಶಕ್ತಿಯೆಲ್ಲ ಜೊತೆಗಿರುವ ಅನ್ನದಲ್ಲಿದೆ. ಅನ್ನ ತೆಗೆದರೆ ಉಳಿಯುವುದು ಹೆಚ್ಚಾಗಿ ನೀರು.

ತೂಕ ಇಳಿಯಿತು, ಹೊಗಳಿಕೆ ಏರಿತು. ಮದುವೆಮನೆಗಳಲ್ಲಿ ‘ಎಷ್ಟು ಚಂದ ಸಪೂರಾಗಿದ್ದೀಯೆ, ಹೇಗೆ ಮಾಡಿದೆ?’ ಎಂದು ಕೇಳದವರಿಲ್ಲ. ಯಾರಿಗೂ ಕಾಣದ ಕಡೆ ಬೇರೆಯದೇ ನಡೆಯುತ್ತಿತ್ತು. ರಾತ್ರಿ ಮೂರಕ್ಕೆ ಎಚ್ಚರವಾದರೆ ಮತ್ತೆ ನಿದ್ದೆಯಿಲ್ಲ. ಕೈಕಾಲು ಮಧ್ಯಾಹ್ನವೂ ತಣ್ಣಗೆ. ಕೂದಲು ಉದುರಿ ಬಚ್ಚಲಿನ ಜಾಲರಿ ಕಟ್ಟಿಕೊಳ್ಳುತ್ತಿತ್ತು. ಮೊಣಕಾಲಿನ ಕೆಳಗಿನ ಮೂಳೆ ಒತ್ತಿದರೆ ನೋವು. ಮುಟ್ಟು ಮೊದಲು ತಡವಾಯಿತು, ಆಮೇಲೆ ಒಂದು ದಿನಕ್ಕೆ ಮುಗಿಯತೊಡಗಿತು, ದೀಪಾವಳಿಯ ನಂತರ ಬರಲೇ ಇಲ್ಲ.

ನನ್ನ ಮಟ್ಟಿಗೆ ಇದು ಗುಟ್ಟಾಗಿ ಉಳಿಯುವ ವಿಷಯವಾಗಿರಲಿಲ್ಲ. ಗಂಡನ ಮನೆ ಶಿರಸಿಯಿಂದ ಒಳಗೆ, ತೋಟದ ಮನೆ. ಅಲ್ಲಿ ಇಂದಿಗೂ ಮುಟ್ಟಾದವರು ಮೂರು ದಿನ ಹೊರಗೆ ಕೂರುವ ಪದ್ಧತಿ ಇದೆ. ಅದು ಸರಿಯೋ ತಪ್ಪೋ ಎಂಬ ಜಗಳವನ್ನು ಬೇರೆ ಕಡೆ ಆಡಿದ್ದೇನೆ. ಇಲ್ಲಿ ಹೇಳಬೇಕಾದದ್ದು ಇಷ್ಟೇ: ಹೊರಗೆ ಕೂರದಿದ್ದರೆ ಮನೆಗೆಲ್ಲ ಗೊತ್ತಾಗುತ್ತದೆ. ಅತ್ತೆ ಒಂದು ತಿಂಗಳು ಸುಮ್ಮನಿದ್ದರು. ಮರುತಿಂಗಳು ನನ್ನ ಬಟ್ಟಲಿಗೆ ತುಪ್ಪ ಹೆಚ್ಚಾಯಿತು, ತೋಟದ ಹೊರೆ ಹೊರಲು ಬಿಡಲಿಲ್ಲ. ಕೊನೆಗೆ ‘ತಂಗೀ, ವಿಶೇಷವೇನಾದರೂ ಇದೆಯೇ?’ ಎಂದು ಕೇಳಿಯೇಬಿಟ್ಟರು. ಮನೆಯಲ್ಲೇ ಮಾಡುವ ಗರ್ಭಪರೀಕ್ಷೆಯ ಪಟ್ಟಿ ಅದಾಗಲೇ ಇಲ್ಲ ಎಂದಿತ್ತು. ಅವರ ಮುಖ ಬಾಡಿದ್ದನ್ನು ನೋಡಿದಾಗ ನನಗಾದ ಸಂಕಟ ಮುಂದಿನ ಯಾವ ಸೂಜಿಯಿಂದಲೂ ಆಗಲಿಲ್ಲ.

ಮೊದಲು ಹೋದ ಚಿಕಿತ್ಸಾಲಯದಲ್ಲಿ ‘ಓಡುವವರಿಗೆ ಹೀಗಾಗುವುದು ಸಹಜ, ಟೆನ್ಷನ್ ಬಿಡಿ’ ಎಂದು, ಮುಟ್ಟು ಬರಿಸುವ ಗರ್ಭನಿರೋಧಕ ಮಾತ್ರೆ ಬರೆದುಕೊಟ್ಟರು. ಮಾತ್ರೆ ತಿಂದರೆ ರಕ್ತಸ್ರಾವ ಆಗುತ್ತದೆ, ನಿಜ. ಆದರೆ ಅದು ಮಾತ್ರೆಯ ಹಾರ್ಮೋನು ನಿಂತಾಗ ಆಗುವ ಸ್ರಾವ, ಅಂಡಾಶಯ ಕೆಲಸಕ್ಕೆ ಮರಳಿದ ಗುರುತಲ್ಲ. ಒಳಗಿನ ತೊಂದರೆ ಹಾಗೆಯೇ ಇರುತ್ತದೆ, ಕಣ್ಣಿಗೆ ಮಾತ್ರ ಕಾಣುವುದಿಲ್ಲ. ಬರೀ ಮುಟ್ಟು ಬರಿಸಲಿಕ್ಕೆಂದು ಈ ಮಾತ್ರೆ ಕೊಡಬೇಡಿ ಎಂದು 2017ರ ಅಂತರರಾಷ್ಟ್ರೀಯ ವೈದ್ಯಕೀಯ ಮಾರ್ಗಸೂಚಿಯೇ ಹೇಳುತ್ತದೆ. ಮೂರು ತಿಂಗಳು ಸತತ ಮುಟ್ಟು ಬಾರದಿದ್ದರೆ ಪರೀಕ್ಷೆ ಆಗಬೇಕು. ‘ಓಡುವವರಿಗೆ ಸಹಜ’ ಎಂಬ ಮಾತಿಗೆ ಸಮಾಧಾನಪಡಬೇಡಿ.

ಎರಡನೆಯವರು ಶಿರಸಿಯದೇ ಸ್ತ್ರೀರೋಗ ತಜ್ಞೆ. ಪಟ್ಟಿ ಉದ್ದವಿತ್ತು: ಗರ್ಭಪರೀಕ್ಷೆ ಮತ್ತೊಮ್ಮೆ, ಹೊಟ್ಟೆಯ ಸ್ಕ್ಯಾನಿಂಗ್, ಥೈರಾಯ್ಡ್, ಎದೆಹಾಲಿನ ಹಾರ್ಮೋನಾದ ಪ್ರೊಲ್ಯಾಕ್ಟಿನ್, ಅಂಡಾಶಯಕ್ಕೆ ಕೆಲಸ ಹೇಳುವ ಎಲ್‌ಎಚ್ ಮತ್ತು ಎಫ್‌ಎಸ್‌ಎಚ್, ಅಂಡಾಶಯದ ಈಸ್ಟ್ರೋಜನ್ ಅಳೆಯುವ ಎಸ್ಟ್ರಾಡಿಯೋಲ್. ಗರ್ಭಪರೀಕ್ಷೆ ಎಲ್ಲಿ ಹೋದರೂ ಹೊಸದಾಗಿ ಮಾಡುತ್ತಾರೆ. ನಮ್ಮ ಮಾತು ನಂಬುವುದಿಲ್ಲವೆಂದು ಬೇಸರ ಮಾಡಿಕೊಳ್ಳಬೇಡಿ, ಅದು ಕ್ರಮ. ಸ್ಕ್ಯಾನಿಂಗ್‌ಗೆ ವೈದ್ಯರ ಶಿಫಾರಸು ಚೀಟಿ ಮತ್ತು ಆಧಾರ್ ಎರಡನ್ನೂ ಕೇಳಿದರು. ಆಧಾರ್ ಮನೆಯಲ್ಲಿತ್ತು, ಅರ್ಧ ದಿನದ ರಜೆ ಹಾಳಾಯಿತು. ರಕ್ತವನ್ನು ಇಲ್ಲಿ ತೆಗೆದುಕೊಂಡು ಹೊರಗಿನ ದೊಡ್ಡ ಲ್ಯಾಬಿಗೆ ಕಳುಹಿಸುತ್ತಾರೆ. ಶನಿವಾರ ಕೊಟ್ಟರೆ ವರದಿ ಮುಂದಿನ ವಾರದ ನಡುವಿನಲ್ಲಿ, ಆದ್ದರಿಂದ ಸೋಮವಾರವೇ ಕೊಡಿ.

ಬಂದ ವರದಿ ನೋಡಿ ವೈದ್ಯೆಯ ಹುಬ್ಬು ಗಂಟಾಯಿತು. ಥೈರಾಯ್ಡ್‌ಗೆ ಕೆಲಸ ಹೇಳುವ ಟಿಎಸ್‌ಎಚ್ ತೀರಾ ಕಡಿಮೆ, ಥೈರಾಯ್ಡ್‌ನ ಹಾರ್ಮೋನಾದ ಥೈರಾಕ್ಸಿನ್ ಹೆಚ್ಚು, ಎಲ್‌ಎಚ್ ಇಲ್ಲವೆನ್ನುವಷ್ಟು ಕಡಿಮೆ, ಈಸ್ಟ್ರೋಜನ್ ಮಾತ್ರ ಮೇಲೆ. ಥೈರಾಯ್ಡ್ ಅತಿಯಾಗಿ ಕೆಲಸ ಮಾಡುತ್ತಿದೆ ಎನ್ನಬೇಕು, ಹಾಗಿದ್ದರೆ ಸೆಖೆಯಾಗಬೇಕು, ನಾಡಿ ಜೋರಾಗಬೇಕು. ಆದರೆ ಎದುರು ಕೂತವಳು ಸ್ವೆಟರ್ ಹಾಕಿಕೊಂಡು ನಡುಗುತ್ತಿದ್ದಾಳೆ, ನಾಡಿ ಐವತ್ತಕ್ಕಿಂತ ಕೆಳಗಿದೆ. ‘ಏನಾದರೂ ಮಾತ್ರೆ ತೆಗೆದುಕೊಳ್ಳುತ್ತೀರಾ?’ ಎಂದು ಕೇಳಿದರು. ಇಲ್ಲ ಎಂದೆ. ‘ಕೂದಲಿಗೆ?’ ಎಂದರು. ಕೂದಲಿಗೆ ಔಷಧ ಅಂಗಡಿಯಲ್ಲಿ ಕೊಟ್ಟ ಬಯೋಟಿನ್ ಎಂಬ ವಿಟಮಿನ್ ಮಾತ್ರೆ ಇತ್ತು, ದಿನಕ್ಕೊಂದು, ಹತ್ತು ಮಿಲಿಗ್ರಾಮಿನದು.

ಇದನ್ನು ದಪ್ಪ ಅಕ್ಷರದಲ್ಲಿ ಓದಿಕೊಳ್ಳಿ. ಹಾರ್ಮೋನು ಅಳೆಯುವ ಅನೇಕ ಯಂತ್ರಗಳ ರಾಸಾಯನಿಕ ಕ್ರಮದಲ್ಲೇ ಬಯೋಟಿನ್ ಬಳಕೆಯಾಗುತ್ತದೆ. ರಕ್ತದಲ್ಲಿ ಅದು ತುಂಬಿದ್ದರೆ ಟಿಎಸ್‌ಎಚ್, ಎಲ್‌ಎಚ್, ಪ್ರೊಲ್ಯಾಕ್ಟಿನ್ ಸುಳ್ಳಾಗಿ ಕಡಿಮೆ ಬರುತ್ತವೆ, ಥೈರಾಕ್ಸಿನ್, ಈಸ್ಟ್ರೋಜನ್, ಕಾರ್ಟಿಸೋಲ್ ಸುಳ್ಳಾಗಿ ಹೆಚ್ಚು ಬರುತ್ತವೆ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2017ರಲ್ಲೇ ಈ ಬಗ್ಗೆ ಎಚ್ಚರಿಕೆ ಕೊಟ್ಟಿದೆ. ನಮ್ಮಲ್ಲಿ ರಕ್ತ ತೆಗೆಯುವ ಹುಡುಗನೂ ಕೇಳಲಿಲ್ಲ, ಚೀಟಿಯಲ್ಲೂ ಬರೆದಿರಲಿಲ್ಲ. ಕೂದಲು, ಉಗುರು, ಚರ್ಮದ ಹೆಸರಿನಲ್ಲಿ ಮಾರುವ ಮಾತ್ರೆಗಳ ಹಿಂಬದಿ ಓದಿ. ಬಯೋಟಿನ್ ಇದ್ದರೆ ವೈದ್ಯರಿಗೆ ತಿಳಿಸಿ, ಅವರು ಹೇಳಿದಷ್ಟು ದಿನ ಬಿಟ್ಟು ಆಮೇಲೆ ರಕ್ತ ಕೊಡಿ. ನನಗೆ ಒಂದು ವಾರ ಬಿಡಲು ಹೇಳಿದರು.

ಮರುಪರೀಕ್ಷೆಯಲ್ಲಿ ಥೈರಾಯ್ಡ್ ಭೂತ ಮಾಯವಾಯಿತು. ಟಿಎಸ್‌ಎಚ್ ಸರಿಯಾಗಿತ್ತು, ಥೈರಾಯ್ಡ್‌ನ ಇನ್ನೊಂದು ಹಾರ್ಮೋನಾದ ಟಿ3 ಮಾತ್ರ ಕೆಳಗೆ. ಈಗ ಪ್ರೊಲ್ಯಾಕ್ಟಿನ್ ಸ್ವಲ್ಪ ಮೇಲೆ! ಅಂದು ಬೆಳಿಗ್ಗೆ ಓಡಿ, ಸ್ಕೂಟರಿನಲ್ಲಿ ನೇರ ಲ್ಯಾಬಿಗೆ ಬಂದಿದ್ದೆ. ಓಟ, ಗಡಿಬಿಡಿ, ಸೂಜಿಯ ಭಯ, ಮೂರೂ ಪ್ರೊಲ್ಯಾಕ್ಟಿನ್ ಏರಿಸುತ್ತವೆ. ಮತ್ತೆ ದುಡ್ಡು, ಮತ್ತೆ ರಕ್ತ. ಹಿಂದಿನ ದಿನ ಓಡದೆ, ಎದ್ದು ಎರಡು ಮೂರು ಗಂಟೆಯಾದ ಮೇಲೆ, ಲ್ಯಾಬಿನಲ್ಲಿ ಅರ್ಧ ಗಂಟೆ ಸುಮ್ಮನೆ ಕೂತು ಕೊಟ್ಟಾಗ ಅದೂ ಸರಿಯಾಯಿತು. ಎಲ್ಲ ಸೋಸಿ ಉಳಿದ ಚಿತ್ರ: ಎಲ್‌ಎಚ್ ಕಡಿಮೆ, ಎಫ್‌ಎಸ್‌ಎಚ್ ತಳದಲ್ಲಿ, ಈಸ್ಟ್ರೋಜನ್ ಋತುಬಂಧವಾದವರಷ್ಟು.

ನಂತರ ಪ್ರೊಜೆಸ್ಟೆರಾನ್ ಮಾತ್ರೆಯ ಪರೀಕ್ಷೆ. ಕೆಲವು ದಿನ ತಿಂದು ನಿಲ್ಲಿಸಬೇಕು. ದೇಹದಲ್ಲಿ ಈಸ್ಟ್ರೋಜನ್ ಇದ್ದು ಗರ್ಭಕೋಶದ ಒಳಪದರ ಬೆಳೆದಿದ್ದರೆ, ನಿಲ್ಲಿಸಿದ ಒಂದು ವಾರದ ಆಸುಪಾಸಿನಲ್ಲಿ ಸ್ರಾವ ಆಗುತ್ತದೆ. ನನಗೆ ಆಗಲಿಲ್ಲ. ಆ ವಾರ ದಿನಕ್ಕೆ ಎಷ್ಟು ಸಲ ಬಚ್ಚಲಿಗೆ ಹೋಗಿ ನೋಡಿದೆನೋ. ಮೂವತ್ತು ದಾಟುವಷ್ಟರಲ್ಲಿ ಎಲ್ಲ ಮುಗಿಯಿತೇ ಎಂದು ಒಂದು ರಾತ್ರಿ ಬಹಳ ಅತ್ತೆ. ಇವರು ಪಾಪ, ಏನು ಹೇಳಬೇಕೆಂದು ತೋಚದೆ ಚಹಾ ಮಾಡಿಕೊಟ್ಟರು.

ಹಾರ್ಮೋನು ತಜ್ಞರನ್ನು ಕಾಣಲು ಹುಬ್ಬಳ್ಳಿಗೆ ಹೋಗಬೇಕೆಂದರು. ಸುಮಾರು ನೂರು ಕಿಲೋಮೀಟರ್, ಬಸ್ಸಿನಲ್ಲಿ ಮೂರು ಗಂಟೆಯ ದಾರಿ. ದೊಡ್ಡ ಕಾಯಿಲೆ, ವಿಶೇಷ ಪರೀಕ್ಷೆ ಎಂದರೆ ಹುಬ್ಬಳ್ಳಿ, ಮಣಿಪಾಲ, ಮಂಗಳೂರು ಇಲ್ಲವೇ ಗೋವಾ ಎನ್ನುವುದು ಉತ್ತರ ಕನ್ನಡದವರಿಗೆ ಹೇಳಿಕೊಡಬೇಕಾದ ಮಾತಲ್ಲ. ಜಿಲ್ಲೆಗೊಂದು ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕೆಂದು ನಾವು ಕೂಗಿದ್ದು ಗಂಟಲಿಗಷ್ಟೇ ಗೊತ್ತು. ಮೊದಲ ಬಸ್ಸು ಹಿಡಿದರೂ ಸರದಿ ಬಂದದ್ದು ಮಧ್ಯಾಹ್ನ. ಮಿದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿಯಲ್ಲಿ ಗಡ್ಡೆ ಇಲ್ಲವೆಂದು ಖಚಿತವಾಗಲು ಎಂಆರ್‌ಐ ಬರೆದರು. ಅದಕ್ಕೆ ಇನ್ನೊಂದು ದಿನಾಂಕ, ಮೊದಲೇ ಮೂತ್ರಪಿಂಡದ ಕ್ರಿಯಾಟಿನಿನ್ ಪರೀಕ್ಷೆಯ ವರದಿ ತರಬೇಕು, ಮಂಗಳಸೂತ್ರ, ಪಿನ್ನು, ಕಾಲುಂಗುರ ಎಲ್ಲ ಬಿಚ್ಚಬೇಕು. ಬಿಗಿಯಾದ ಕಾಲುಂಗುರವನ್ನು ಸಾಬೂನು ಹಚ್ಚಿ ತೆಗೆಯುವುದರಲ್ಲಿ ನನ್ನ ಸರದಿ ತಪ್ಪಿ ಹಿಂದಿನವರು ಒಳಗೆ ಹೋದರು. ಮನೆಯಲ್ಲೇ ತೆಗೆದು ಹೋಗಿ. ಗಡ್ಡೆ ಇರಲಿಲ್ಲ.

ಆ ತಜ್ಞರು ಕೇಳಿದ್ದು ಹೊಸ ವರದಿಯನ್ನಲ್ಲ, ಒಂದು ವಾರ ತಿಂದದ್ದು ಮತ್ತು ಓಡಿದ್ದರ ಲೆಕ್ಕವನ್ನು. ಲೆಕ್ಕ ಬರೆಯುವುದು ನನ್ನ ಕಸುಬೇ ಆದ್ದರಿಂದ ಚೊಕ್ಕವಾಗಿ ಬರೆದುಕೊಂಡು ಹೋದೆ. ಅವರು ಪೆನ್ಸಿಲಿನಲ್ಲಿ ಹೀಗೆ ಮಾಡಿದರು: ತೂಕ 48 ಕಿಲೋ, ಕೊಬ್ಬು ಬಿಟ್ಟು ಉಳಿದದ್ದು ಸುಮಾರು 38 ಕಿಲೋ. ದಿನಕ್ಕೆ ತಿನ್ನುವುದು 1500 ಕ್ಯಾಲೊರಿ. ಹತ್ತು ಕಿಲೋಮೀಟರ್ ಓಟಕ್ಕೆ ಹೋಗುವುದು 480. ಉಳಿದ 1020ನ್ನು 38ರಿಂದ ಭಾಗಿಸಿದರೆ ಕಿಲೋಗೆ 27. ಆರೋಗ್ಯವಂತ ಹೆಂಗಸಿಗೆ 45ರ ಸುತ್ತ ಇರಬೇಕು. ಪ್ರಯೋಗಗಳಲ್ಲಿ 30ಕ್ಕಿಂತ ಕೆಳಗಿಳಿಸಿದಾಗ ಐದೇ ದಿನದಲ್ಲಿ ಎಲ್‌ಎಚ್‌ನ ಮಿಡಿತ ಕುಗ್ಗಿದ್ದು ಕಂಡಿದೆ. ಎಲ್ಲರಿಗೂ 30ರಲ್ಲೇ ಗೆರೆ ಎಂದಲ್ಲ, ಕೆಲವರಿಗೆ ಅದಕ್ಕಿಂತ ಮೇಲೆಯೇ ತೊಂದರೆ ಶುರುವಾಗಬಹುದು ಎಂದೂ ಹೇಳಿದರು.

ನಡೆದದ್ದು ಇಷ್ಟು. ಮಿದುಳಿನ ಹೈಪೊಥಲಾಮಸ್ ಒಂದೂವರೆ ಗಂಟೆಗೊಮ್ಮೆ ಎಂಬಂತೆ ಸಣ್ಣ ಸಣ್ಣ ಮಿಡಿತಗಳಲ್ಲಿ ಪಿಟ್ಯುಟರಿಗೆ ಸೂಚನೆ ಕೊಡುತ್ತದೆ. ಆ ಮಿಡಿತದ ಮೇಲೆ ಎಲ್‌ಎಚ್, ಎಫ್‌ಎಸ್‌ಎಚ್ ನಿಂತಿವೆ, ಅವುಗಳ ಮೇಲೆ ಅಂಡಾಶಯ. ಕೊಬ್ಬಿನಿಂದ ಬರುವ ಲೆಪ್ಟಿನ್ ಎಂಬ ಹಾರ್ಮೋನು ದೇಹದಲ್ಲಿ ಶಕ್ತಿಯ ದಾಸ್ತಾನು ಎಷ್ಟಿದೆ ಎಂಬ ಸುದ್ದಿಯನ್ನು ಮಿದುಳಿಗೆ ಮುಟ್ಟಿಸುತ್ತದೆ. ಅದು ಇಳಿದು, ಕಾರ್ಟಿಸೋಲ್ ಏರಿದಾಗ ಮಿದುಳು, ಅಡಿಕೆ ದರ ಬಿದ್ದ ವರ್ಷ ಮನೆಯ ಯಜಮಾನ ಸುಣ್ಣಬಣ್ಣ ನಿಲ್ಲಿಸಿದಂತೆ, ಬದುಕಿಗೆ ತಕ್ಷಣ ಬೇಡವಾದದ್ದನ್ನು ಮೊದಲು ನಿಲ್ಲಿಸುತ್ತದೆ. ಟಿ3 ಇಳಿಸಿ ಉರಿಯುವ ವೇಗ ತಗ್ಗಿಸುತ್ತದೆ, ಚಳಿ ಬಂದದ್ದು ಅದರಿಂದ. ನಾಡಿ ಅಷ್ಟು ಇಳಿದದ್ದು ಬರೀ ಓಟದ ಸಾಧನೆಯಾಗಿರಲಿಲ್ಲ, ಉಳಿತಾಯವೂ ಹೌದು. ಈ ಸ್ಥಿತಿಗೆ ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿ 2014ರಲ್ಲಿ ಕೊಟ್ಟ ಹೆಸರಿನ ಅರ್ಥ, ಕ್ರೀಡೆಯಲ್ಲಿ ಶಕ್ತಿಯ ಸಾಪೇಕ್ಷ ಕೊರತೆ. ಗಂಡಸರಿಗೂ ಇದು ತಪ್ಪಿದ್ದಲ್ಲ. ಅವರಲ್ಲಿ ಟೆಸ್ಟೋಸ್ಟೆರಾನ್ ಇಳಿಯುತ್ತದೆ, ಮುಟ್ಟಿನಂತಹ ಗುರುತು ಇಲ್ಲದಿರುವುದರಿಂದ ಯಾರಿಗೂ ತಿಳಿಯುವುದಿಲ್ಲ. ಪೊಲೀಸ್ ನೇಮಕಾತಿಯ ಓಟಕ್ಕೆಂದು ಅರೆಹೊಟ್ಟೆಯಲ್ಲಿ ತಾಲೀಮು ಮಾಡುತ್ತಿದ್ದ ನನ್ನ ಮೈದುನನಿಗೆ ಅಂದಿನಿಂದ ಬೆಳಗಿನ ಬಾಳೆಹಣ್ಣು ಕಡ್ಡಾಯವಾಯಿತು.

ಮೂಳೆಯ ಸಾಂದ್ರತೆಯ ಡೆಕ್ಸಾ ಸ್ಕ್ಯಾನನ್ನೂ ಹುಬ್ಬಳ್ಳಿಯಲ್ಲೇ ಮಾಡಿಸಿದೆ. ನಮ್ಮ ವಯಸ್ಸಿನವರು ವರದಿಯಲ್ಲಿ ಟಿ-ಸ್ಕೋರ್ ನೋಡಿ ಗಾಬರಿಯಾಗಬಾರದು. ನೋಡಬೇಕಾದದ್ದು ಝಡ್-ಸ್ಕೋರ್, ಅಂದರೆ ಅದೇ ವಯಸ್ಸಿನವರೊಡನೆ ಹೋಲಿಕೆ. ನನ್ನ ಬೆನ್ನುಮೂಳೆಯದು −1.4 ಇತ್ತು. ಓಡುವವರ ಮೂಳೆ ಸಾಮಾನ್ಯರಿಗಿಂತ ಗಟ್ಟಿಯಿರಬೇಕು, ಆದ್ದರಿಂದ −1ಕ್ಕಿಂತ ಕೆಳಗಿದ್ದರೂ ಲಕ್ಷ್ಯ ಕೊಡಬೇಕು ಎಂದರು. ಈಸ್ಟ್ರೋಜನ್ ಇಲ್ಲದ ತಿಂಗಳುಗಳಲ್ಲಿ ಮೂಳೆ ಕರಗುತ್ತಿರುತ್ತದೆ, ಎಷ್ಟು ಓಡಿದರೂ ಅದನ್ನು ತುಂಬಲಾಗದು.

ಖರ್ಚಿನ ಲೆಕ್ಕ: ಹಾರ್ಮೋನು ಪರೀಕ್ಷೆಗಳಿಗೆ, ಮರುಪರೀಕ್ಷೆಗಳೂ ಸೇರಿ, ಏಳು ಸಾವಿರದ ಹತ್ತಿರ. ಎಂಆರ್‌ಐ ಎಂಟು ಸಾವಿರ. ಡೆಕ್ಸಾ, ಸ್ಕ್ಯಾನಿಂಗ್, ವೈದ್ಯರ ಶುಲ್ಕ, ಬಸ್ಸು, ಹೋಟೆಲ್ ಊಟ ಎಲ್ಲ ಸೇರಿದರೆ ಇಪ್ಪತ್ತೈದು ಸಾವಿರದ ಆಸುಪಾಸು. ಆಸ್ಪತ್ರೆಗೆ ದಾಖಲಾಗದ ಕಾರಣ ನಮ್ಮ ಆರೋಗ್ಯ ವಿಮೆಯಿಂದ ಒಂದು ಪೈಸೆ ಬರಲಿಲ್ಲ. ಬಯೋಟಿನ್ ಮತ್ತು ಪ್ರೊಲ್ಯಾಕ್ಟಿನ್ ಗೊಂದಲ ಇಲ್ಲದಿದ್ದರೆ ಮೂರ್ನಾಲ್ಕು ಸಾವಿರವಾದರೂ ಉಳಿಯುತ್ತಿತ್ತು. ಫೈಲಿನಲ್ಲಿ ಮುಟ್ಟಿನ ದಿನಾಂಕಗಳ ಹಾಳೆ, ತಿನ್ನುವ ಎಲ್ಲ ಮಾತ್ರೆಗಳ ಖಾಲಿ ಸ್ಟ್ರಿಪ್ಪುಗಳು, ಸ್ಕ್ಯಾನಿನ ಸಿಡಿ ಇಟ್ಟುಕೊಂಡಿರಿ. ವರದಿಯ ಕಾಗದ ಮಾತ್ರ ಸಾಲದು, ಸಿಡಿ ಬೇಕೆಂದು ಒಮ್ಮೆ ವಾಪಸ್ ಕಳುಹಿಸಿದ್ದರು.

ಚಿಕಿತ್ಸೆ ಕೇಳಲು ಸುಲಭ: ಹೆಚ್ಚು ತಿನ್ನು, ಕಡಿಮೆ ಓಡು. ಔಷಧ ಎಂದು ಬಂದದ್ದು ಕ್ಯಾಲ್ಸಿಯಂ ಮತ್ತು ವಿಟಮಿನ್ ಡಿ. ಆರು ತಿಂಗಳಿಂದ ವರ್ಷದವರೆಗೆ ನೋಡಿ, ಆಗಲೂ ಮುಟ್ಟು ಬಾರದಿದ್ದರೆ ಚರ್ಮಕ್ಕೆ ಅಂಟಿಸುವ ಈಸ್ಟ್ರೋಜನ್ ಪಟ್ಟಿಯ ಯೋಚನೆ ಮಾಡೋಣ ಎಂದರು. ಓಟ ವಾರಕ್ಕೆ ಎರಡು ದಿನ, ಅದೂ ಐದು ಕಿಲೋಮೀಟರಿನೊಳಗೆ. ದಿನಕ್ಕೆ ಆರೇಳು ನೂರು ಕ್ಯಾಲೊರಿ ಹೆಚ್ಚು ತಿನ್ನಬೇಕು. ಏಳುತ್ತಲೇ ಬಾಳೆಹಣ್ಣು ಮತ್ತು ಹಾಲು, ಅನ್ನ ಮೊದಲಿನಷ್ಟು, ಶೇಂಗಾ ಚಟ್ನಿ, ಮೊಸರವಲಕ್ಕಿ, ರಾತ್ರಿ ಊಟ ಎಷ್ಟು ಹೊತ್ತಾದರೂ ಸರಿ. ಅತ್ತೆಗೆ ಇದರಷ್ಟು ಇಷ್ಟವಾದ ವೈದ್ಯರ ಮಾತು ಇನ್ನೊಂದಿಲ್ಲ. ತೊಡೆದೇವು ಹಾಲಿನಲ್ಲಿ ಅದ್ದಿ ಕೊಡುತ್ತಿದ್ದರು, ಮೇಲೆ ತುಪ್ಪ.

ನನಗೆ ಮಾತ್ರ ಅದು ಕಷ್ಟದ ಕಾಲ. ಮೊದಲ ವಾರಗಳಲ್ಲಿ ಹೊಟ್ಟೆ ಉಬ್ಬರ, ಕಾಲು ಊದಿದಂತೆ. ರವಿಕೆಗಳು ಬಿಗಿಯಾದವು. ಸಪೂರಾದದ್ದನ್ನು ಹೊಗಳಿದವರೇ ‘ಓಟ ಬಿಟ್ಟೆಯಾ?’ ಎಂದರು. ಸಕ್ಕರೆ ಮತ್ತೆ ಏರೀತೆಂಬ ಹೆದರಿಕೆ ಎಲ್ಲಕ್ಕಿಂತ ದೊಡ್ಡದು. ಮೂರು ತಿಂಗಳ ಸರಾಸರಿ ಸಕ್ಕರೆ ಮಾಡಿಸಿ ನೋಡಿದೆ, ಏರಿರಲಿಲ್ಲ. ಸ್ನಾಯು ಇದ್ದು, ಅದು ಕೆಲಸ ಮಾಡುತ್ತಿದ್ದರೆ ಅನ್ನ ತಿಂದ ಮಾತ್ರಕ್ಕೆ ಹಳೆಯ ಜಾಗಕ್ಕೆ ಬೀಳುವುದಿಲ್ಲ ಎಂದು ಧೈರ್ಯ ಬಂತು. ಮೊದಲು ಮರಳಿದ್ದು ನಿದ್ದೆ, ಆಮೇಲೆ ಕೈಗಳ ಬಿಸಿ, ಆಮೇಲೆ ಸಿಡುಕಿಲ್ಲದ ಸಂಜೆಗಳು. ತೂಕ ನಾಲ್ಕು ಕಿಲೋ ಹೆಚ್ಚಿದ ಮೇಲೂ ಮುಟ್ಟಿನ ಸುಳಿವಿರಲಿಲ್ಲ. ಹೀಗೆ ತೂಕ ಬಂದು ತಿಂಗಳುಗಳು ಕಳೆದ ಮೇಲೆ ಮುಟ್ಟು ಬರುವುದು ಸಾಮಾನ್ಯ, ಅಲ್ಲಿ ತಾಳ್ಮೆಗೆಟ್ಟು ಮತ್ತೆ ಊಟ ಇಳಿಸಬೇಡಿ.

ಮಳೆಗಾಲದ ನಡುವೆ, ತೋಟದ ಮನೆಯಲ್ಲಿದ್ದಾಗಲೇ ಬಂತು. ಮದುವೆಯಾದಂದಿನಿಂದ ಹೊರಗೆ ಕೂರುವುದಕ್ಕೆ ಗೊಣಗುತ್ತಿದ್ದವಳು ಅಂದು ಚಾಪೆಯನ್ನು ನಾನಾಗಿಯೇ ಎತ್ತಿಕೊಂಡು ಹೋದೆ. ಅತ್ತೆ ದೂರದಿಂದಲೇ ನೋಡಿ ನಕ್ಕು, ಒಳಗೆ ಹೋಗಿ ಮಾವನವರಿಗೆ ಹೇಳಿದರು. ಇಂತಹ ಸುದ್ದಿಗೆ ಆ ಮನೆಯಲ್ಲಿ ಪಾಯಸ ಆದದ್ದು ಬಹುಶಃ ಅದೇ ಮೊದಲು.

ಈಗ ಓಟ ಮತ್ತೆ ಶುರುವಾಗಿದೆ, ನಿಧಾನವಾಗಿ. ವಾರಕ್ಕೆ ಎರಡು ದಿನ ಭಾರ ಎತ್ತುವ ವ್ಯಾಯಾಮ ಸೇರಿದೆ, ಮೂಳೆಗೆ ಅದು ಬೇಕು. ಮೊದಲ ಕೆಲವು ಸರದಿಗಳು ಹಿಂದೆ ಮುಂದೆ ಆದವು, ಅದಕ್ಕೆ ಹೆದರಬೇಕಿಲ್ಲ. ಕ್ರೀಡಾಂಗಣದಲ್ಲಿ ಕೇಳಿದವರಿಗೆ ಹೇಳಲು ಮರೆತ ಒಂದು ವಿಷಯವಿದೆ: ಮುಟ್ಟು ಮರಳುವ ಮೊದಲೇ ಅಂಡ ಬಿಡುಗಡೆಯಾಗುತ್ತದೆ. ಅಂದರೆ ಮುಟ್ಟು ಇಲ್ಲದಿರುವಾಗಲೂ, ಚೇತರಿಸಿಕೊಳ್ಳುತ್ತಿರುವ ದೇಹ ಬಸಿರಾಗಬಹುದು. ಮಗು ಈಗ ಬೇಡ ಎನ್ನುವವರು ಮುಟ್ಟು ನಿಂತಿದೆಯಲ್ಲ ಎಂದು ಸುಮ್ಮನಿರದೆ ವೈದ್ಯರ ಬಳಿ ಅದನ್ನೂ ಮಾತಾಡಿ. ಬೇಕು ಎನ್ನುವವರು ಮನೆಯ ಪರೀಕ್ಷೆಯ ಪಟ್ಟಿಯನ್ನು ಆಗಾಗ ಬಳಸಿ ನೋಡಿ.